ಹೆಸರಿಲ್ಲದವರ ಎಲೆ

ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಕಲಿಸುವವಳು ನಾನು. ಪಾತಾಳ ಎಂದರೇನು, ಪಸ್ಕ ಎಂದರೇನು ಎಂದು ಕೇಳಿದರೆ ಪಟಪಟನೆ ಹೇಳಿಬಿಡುತ್ತೇನೆ. ಆ ನನ್ನ ಬಾಯಿ ಮುಚ್ಚಿಸಿದ್ದು ಪಾಣೆಮಂಗಳೂರಿನ ನಮ್ಮ ನೆರೆಮನೆಯ ಅಕ್ಕ.

ಅವರ ಮಗ ಕಳೆದ ವರ್ಷ ಮೀನು ಹಿಡಿಯಲು ನೇತ್ರಾವತಿಗೆ ಇಳಿದವನು ಮೇಲೆ ಬರಲಿಲ್ಲ. ಎಷ್ಟು ಹುಡುಕಿದರೂ ದೇಹ ಸಿಗಲಿಲ್ಲ. ಕ್ರಿಸ್ಮಸ್ ಊಟಕ್ಕೆ ನಮ್ಮಲ್ಲಿಗೆ ಬಂದರೆ ಕರಿಬೇವನ್ನೆಲ್ಲ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಅಂಟಿಸುತ್ತಿದ್ದ. ಇವನನ್ನು ಕಟ್ಟಿಕೊಳ್ಳುವವಳ ಪಾಡು ದೇವರಿಗೇ ಪ್ರೀತಿ ಎಂದು ನಾನು ಛೇಡಿಸುತ್ತಿದ್ದೆ.

ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ಅವರಲ್ಲಿ ಮನೆಯ ಸತ್ತವರಿಗೆಲ್ಲ ಎಲೆ ಹಾಕಿ ಬಡಿಸುತ್ತಾರೆ. ಈ ಸಲ ಅವನಿಗೂ ಒಂದು ಎಲೆ ಹಾಕಬೇಕೆಂದು ಅಕ್ಕನ ಮೈದುನ ಹಟ ಹಿಡಿದರು. ಹಾಕಿದರೆ ಮಗ ಸತ್ತನೆಂದು ತಾಯಿಯೇ ಒಪ್ಪಿದಂತೆ. ಅಕ್ಕ ಜಗ್ಗಲಿಲ್ಲ.

"ನಿಮ್ಮ ಬೈಬಲಿನಲ್ಲಿ ಸಾಯದೆ ಹೋದವರು ಯಾರಾದರೂ ಉಂಟಾ ಟೀಚರ್?" ಎಂದು ಬೇಲಿಯಾಚೆಯಿಂದ ಕೇಳಿದರು.

ಪ್ರವಾದಿ ಎಲೀಯನ ಕತೆ ಹೇಳಿದೆ. ಜೀವಂತವಾಗಿಯೇ ಸ್ವರ್ಗಕ್ಕೆ ಹೋದವನು. ಹುಡುಕಿದವರಿಗೆ ದೇಹ ಸಿಗಲಿಲ್ಲ. ಯೆಹೂದ್ಯರು ಇಂದಿಗೂ ಪಸ್ಕದ ಊಟದಲ್ಲಿ ಅವನಿಗೆಂದು ಒಂದು ಬಟ್ಟಲು ತುಂಬಿಸಿಟ್ಟು ಬಾಗಿಲು ತೆರೆಯುತ್ತಾರೆ.

"ಹಾಗಾದರೆ ನಾನೂ ಬಾಗಿಲು ತೆಗೆದಿಡ್ತೇನೆ" ಎಂದರು ಅಕ್ಕ.

ಬಡಿಸುವ ಸಂಜೆ ನನ್ನನ್ನೂ ಕರೆದರು. ಒಳಕೋಣೆಯಲ್ಲಿ ಸಾಲಾಗಿ ಎಲೆಗಳು, ಕೊನೆಯದು ಹೆಸರು ಮರೆತುಹೋದ ಸತ್ತವರಿಗೆ. ಅನ್ನ, ರೊಟ್ಟಿ, ಕೋಳಿ ಸುಕ್ಕ ಬಡಿಸಿ, ಕೈ ತೊಳೆಯಲು ಚೊಂಬಿನಲ್ಲಿ ನೀರಿಟ್ಟು, ಬಾಗಿಲಿಗೆ ಚಿಲಕ ಹಾಕಿದರು. ಮಗನ ಸ್ಟೀಲಿನ ತಟ್ಟೆಗೂ ಅದನ್ನೇ ಬಡಿಸಿ ಅಕ್ಕ ಜಗಲಿಯಲ್ಲಿಟ್ಟು, ಹೊರಬಾಗಿಲು ತೆರೆದಿಟ್ಟರು.

"ಸತ್ತವರ ಸಾಲಿನಲ್ಲಿ ಅವನು ಯಾಕೆ ಕೂರಬೇಕು?"

ಒಳಗಿನವರು ಉಣ್ಣುವವರೆಗೆ ಹೊರಗೆ ಯಾರೂ ಮಾತಾಡುವಂತಿಲ್ಲ. ಸುಮ್ಮನೆ ಕುಳಿತೆವು. ಮುಚ್ಚಿದ ಕೋಣೆಯೊಳಗೆ ನೀರು ಸುರಿದ ಸದ್ದಾಯಿತು. ಬೆಕ್ಕಿರಬೇಕು ಎಂದುಕೊಂಡೆ. ಅವರ ಬೆಕ್ಕು ನನ್ನ ಕಾಲ ಬಳಿಯೇ ಮಲಗಿತ್ತು. ದಿನಾ ಹೇಳುವ ಜಪ ಎಷ್ಟು ತಡಕಾಡಿದರೂ ಬಾಯಿಗೆ ಬರಲಿಲ್ಲ.

ಮೈದುನ ಎದ್ದು, ಒಳಗಿದ್ದವರು ಹೊರಡಲೆಂದು ಕೆಮ್ಮಿ, ಬಾಗಿಲು ತಟ್ಟಿ ಚಿಲಕ ತೆಗೆದರು. ಎಲೆಗಳೆಲ್ಲ ಬಡಿಸಿದ ಹಾಗೆಯೇ ಇದ್ದವು. ಕೊನೆಯ ಎಲೆಯಲ್ಲಿ ಮಾತ್ರ ಅನ್ನ ಕೆದಕಿದಂತಿತ್ತು. ಅಂಚಿನಲ್ಲಿ ಕರಿಬೇವಿನ ಎಸಳುಗಳು ಸಾಲಾಗಿ ಅಂಟಿದ್ದವು.

ಅಕ್ಕ ಬಹಳ ಹೊತ್ತು ಆ ಎಲೆಯನ್ನೇ ನೋಡಿದರು. ಆಮೇಲೆ ಜಗಲಿಗೆ ಹೋಗಿ, ಯಾರೂ ಮುಟ್ಟದ ತಟ್ಟೆಯನ್ನು ಎತ್ತಿಕೊಂಡು ಬಂದು, ತೆರೆದಿದ್ದ ಹೊರಬಾಗಿಲನ್ನು ತಾವೇ ಮುಚ್ಚಿದರು.

"ಬರುವ ವರ್ಷ ಅವನಿಗೆ ಬೇರೆ ಎಲೆ ಹಾಕುವ" ಎಂದರು ಮೈದುನನಿಗೆ. "ಪಾಪ, ಮನೆಯ ಮಗ ಹೆಸರಿಲ್ಲದವರ ಎಲೆಯಲ್ಲಿ ಉಂಡು ಹೋದ."