ಹಸುವಿನ ಕಿವಿಯ ಓಲೆ

ಮೊನ್ನೆ ಹಾಲಿನ ಡೈರಿಯ ಮುಂದೆ ಹಸುಗಳಿಗೆ ವಿಮೆ ಮಾಡಿಸುತ್ತಿದ್ದರು. ಡಾಕ್ಟರು ಒಂದೊಂದರ ಕಿವಿ ಚುಚ್ಚಿ, ನಂಬರಿನ ಹಳದಿ ಓಲೆ ಹಾಕಿ, ಗಾಯಕ್ಕೆ ಟಿಂಚರ್ ಹಚ್ಚುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬೇಲಿಯಾಚೆಯ ಅಕ್ಕ ನೆನಪಾದಳು. ಅವಳು ತೀರಿಕೊಂಡು ಎರಡು ವರ್ಷವಾಯಿತೇನೋ...

ಅಕ್ಕ ಅಂತ ಕರೆಯುತ್ತಿದ್ದದ್ದು ಬಾಯಿ. ಹೊಟ್ಟೆಯೊಳಗೆ ಬರೀ ಕಿಚ್ಚು. ಅಜ್ಜಂಪುರದ ಹತ್ತಿರದ ಈ ಊರಿಗೆ ನಾನು ಸೊಸೆಯಾಗಿ ಬಂದ ದಿನದಿಂದಲೂ ನಮ್ಮತ್ತೆಯ ಬಾಯಲ್ಲಿ ಅವಳದೇ ಗುಣಗಾನ. ಪಿಯುಸಿ ಓದಿದ್ದಳು. ವಿಮೆಯ ಕಾಗದ ಬಂತೆಂದರೆ ಹೆಂಗಸರೆಲ್ಲ ಅವಳ ಜಗಲಿಗೆ. ಯಾರೂ ಓದದ ಸಣ್ಣಕ್ಷರದ ನಿಬಂಧನೆಗಳನ್ನು ಅವಳು ಬೆರಳಿಟ್ಟು ಓದಿ, ಬಿಡಿಸಿ ಹೇಳುತ್ತಿದ್ದಳು.

"ಓಲೆ ಬಿದ್ದೋದ್ರೆ ಅವತ್ತೇ ತಿಳಿಸ್ಬೇಕು ಕಣ್ರೇ. ಹಸ ಸತ್ರೆ, ಓಲೆ ಕಿವೀಲಿದ್ದಂಗೇ ಡಾಕ್ಟ್ರು ನೋಡ್ಬೇಕು. ಆಮೇಲೇ ಮಣ್ಣು ಮಾಡೋದು."

ನಾನು ಹೋಗುತ್ತಿರಲಿಲ್ಲ. ನಮ್ಮ ಬಚ್ಚಲಿನ ಪಕ್ಕ ನಿಂತರೆ ಎಲ್ಲ ಕೇಳಿಸುತ್ತಿತ್ತು, ಅದು ಬೇರೆ ಮಾತು. ನಾನು ಎಮ್ಮೆದೊಡ್ಡಿಯ ಕಾವಲಿನ ಅಂಚಿನಲ್ಲಿ ಅಮೃತಮಹಲ್ ದನಗಳನ್ನು ನೋಡುತ್ತಾ ಬೆಳೆದವಳು. ದನದ ವಿಷಯವನ್ನು ಅವಳಿಂದ ಹೇಳಿಸಿಕೊಳ್ಳಬೇಕೇ?

ಒಂದು ಸೋಮವಾರ ಬೆಳಿಗ್ಗೆ ನಮ್ಮ ಹಸು ಹೊಟ್ಟೆಯುಬ್ಬರಿಸಿ ಸತ್ತುಹೋಯಿತು. ಮನೆಯಲ್ಲಿ ಹಾಲು ಕೊಡುತ್ತಿದ್ದದ್ದು ಅದೊಂದೇ. ವಿಮೆ ಬಂದರೆ ಮಾತ್ರ ಇನ್ನೊಂದು ಹಸು ಕಾಣುವ ಸ್ಥಿತಿ ನಮ್ಮದು. ನನ್ನ ಅಳು ಕೇಳಿ ಅಕ್ಕ ಓಡಿ ಬಂದಳು. ಹಸುವನ್ನು ನೋಡಿದವಳೇ ಮನೆಗೆ ಹೋಗಿ ಫೋನ್ ಮಾಡಿ ಬಂದಳು.

"ಡಾಕ್ಟ್ರಿಗೆ ಫೋನ್ ಮಾಡಿದೀನಿ ಕಣೇ. ಮಧ್ಯಾಹ್ನದೊಳಗೆ ಬತ್ತಾರೆ. ಅಲ್ಲೀಗಂಟ ಓಲೆ ಮುಟ್ಬೇಡ, ಮಣ್ಣು ಮಾಡ್ಬೇಡ" ಎಂದಳು. ಡಾಕ್ಟರಿಗೆ ದಾರಿ ತೋರಿಸಲು ತಾನೇ ರಸ್ತೆಗೆ ಹೋಗಿ ನಿಂತಳು.

"ಅವ್ಳು ಹೇಳ್ದಂಗೇ ಮಾಡಾನ" ಎಂದರು ಅತ್ತೆ. ಅಷ್ಟು ಸಾಕಾಯಿತು ನನಗೆ.

ನನ್ನ ತವರಿನ ಕಡೆ, ಸತ್ತ ಹಸುವನ್ನು ಕಟ್ಟಿನೊಂದಿಗೆ ಕಳಿಸುವುದಿಲ್ಲ. ಹಗ್ಗ, ಗಂಟೆ, ಮೂಗುದಾರ ಎಲ್ಲ ಬಿಚ್ಚಿ, ಹಣೆಗೆ ವಿಭೂತಿ ಹಚ್ಚಿ, ಬಿಸಿಲೇರುವ ಮೊದಲು ಹೂಳುತ್ತಾರೆ. "ಶಿವನ ವಾರ ಅತ್ತೆ. ಹಿಂಗೆ ಹಾಕ್ಕೊಂಡು ಕೂತ್ರೆ ಮನೆಗೆ ಒಳ್ಳೇದಾಗಲ್ಲ" ಎಂದೆ. ಕಾಯೋಣ ಎಂದು ಅತ್ತೆ ಇನ್ನೊಮ್ಮೆ ಹೇಳಿದರು. ನಾನು ಕೇಳಲಿಲ್ಲ. ಯಜಮಾನರ ಕೈಗೆ ಗುದ್ದಲಿ ಕೊಟ್ಟೆ. ಹಗ್ಗ ಬಿಚ್ಚಿದವಳು ಕುಡುಗೋಲಿನಿಂದ ಆ ಓಲೆಯನ್ನೂ ಕತ್ತರಿಸಿ ತೆಗೆದೆ. ನಿಜ ಹೇಳಬೇಕೆಂದರೆ ಅವತ್ತು ನನಗೆ ಪದ್ಧತಿಯ ಮೇಲೆ ಭಕ್ತಿ ಉಕ್ಕಿದ್ದಲ್ಲ. ಅವಳ ಮಾತು ನನ್ನ ಮನೆಯಲ್ಲಿ ನಡೆಯಬಾರದಿತ್ತು, ಅಷ್ಟೇ.

ಡಾಕ್ಟರು ಬೈಕಿನಲ್ಲಿ ಬಂದಾಗ ಮಣ್ಣಿನ ಗುಡ್ಡೆ ಎದ್ದಿತ್ತು. "ನೋಡದೇ ಇರೋ ಹಸುವಿಗೆ ಹೆಂಗಮ್ಮ ಬರ್ಕೊಡ್ಲಿ?" ಎಂದು ತಿರುಗಿ ಹೋದರು. ಅಕ್ಕ ನನ್ನನ್ನೇ ನೋಡಿದಳು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು...

ಮಾರನೆಯ ವಾರ ಅವಳೇ ನನ್ನನ್ನು ಬಸ್ಸು ಹತ್ತಿಸಿ ಕಡೂರಿನ ಆಫೀಸಿಗೆ ಕರೆದೊಯ್ದಳು. ಅಲ್ಲಿದ್ದವರು ಕಾಗದ ನೋಡಿ, ನಿಬಂಧನೆ ತಿಳಿಸಿರಲಿಲ್ಲವೇ ಎಂದು ಕೇಳಿದರು.

"ತಪ್ಪು ನಂದೇ ಸಾರ್. ಇವ್ಳಿಗೆ ನಾನು ಸರಿಯಾಗಿ ಬಿಡಿಸಿ ಹೇಳ್ಲಿಲ್ಲ" ಎಂದಳು ಅಕ್ಕ.

ಅದರಿಂದ ಏನೂ ಸಾಗಲಿಲ್ಲ. ಮೂರು ವರ್ಷ ನಮ್ಮ ಕೊಟ್ಟಿಗೆ ಖಾಲಿ ಬಿದ್ದಿತ್ತು, ಮನೆಗೆ ಹಾಲು ಕೊಂಡು ತಂದೆವು. ಅವಳ ಆ ಮಾತು ಮಾತ್ರ ಊರೆಲ್ಲ ಹಬ್ಬಿತು. ಅಷ್ಟು ಓದಿದವಳೇ ಎಡವಟ್ಟು ಮಾಡಿದಳಂತೆ ಎಂದರು ಜನ. ಅತ್ತೆ ಮನೆ ಮರ್ಯಾದೆಗೆ ಅಂಜಿ ಸುಮ್ಮನಿದ್ದರು. ನಾನು ಸುಮ್ಮನಿದ್ದದ್ದು ಮರ್ಯಾದೆಗಲ್ಲ. ಅವಳ ಜಗಲಿಯಲ್ಲಿ ಜನ ಕಡಿಮೆಯಾದದ್ದನ್ನು ಬಚ್ಚಲಿನ ಪಕ್ಕ ನಿಂತು ನೋಡಿ ಖುಷಿಪಟ್ಟೆ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ಆಮೇಲೆ ನಾನೂ ಕಾಗದಗಳನ್ನು ಒಂದಕ್ಷರ ಬಿಡದೆ ಓದುವುದನ್ನು ಕಲಿತೆ. ಈಗ ಹೆಂಗಸರು ನನ್ನ ಹತ್ತಿರ ಬರುತ್ತಾರೆ. ಮೊನ್ನೆಯೂ ಡೈರಿಯ ಕಟ್ಟೆಯ ಮೇಲೆ ಕುಳಿತು ಓದಿ ಹೇಳುತ್ತಿದ್ದೆ. ಒಬ್ಬ ಮುದುಕಿ, "ನೀನೇ ವಾಸಿ ಕಣವ್ವ. ಅವ್ಳು ಸರಿಯಾಗಿ ಹೇಳ್ದೆ ನಿಮ್ಮನೆ ಹಸೀನ ದುಡ್ಡು ಹೋಯ್ತಲ್ಲ" ಎಂದಳು.

ಅಲ್ಲ ಅನ್ನಬೇಕಿತ್ತು. ನಾಲ್ಕು ಮಾತು ಸಾಕಿತ್ತು. ಆದರೆ ಅವಳಿಗಿಂತ ನಾನೇ ವಾಸಿ ಎಂದು ಒಬ್ಬರ ಬಾಯಲ್ಲಿ ಕೇಳಲು ನಾನು ಅಷ್ಟು ವರ್ಷ ಕಾದಿದ್ದೆ. ಸುಮ್ಮನೆ ಮುಂದಿನ ನಿಬಂಧನೆ ಓದಿದೆ.

ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಬೇಲಿಯ ಹತ್ತಿರ ಹೋಗಿ ನಿಂತೆ. ಆ ಕಡೆಯ ಜಗಲಿಯಲ್ಲಿ ಯಾರೂ ಇರಲಿಲ್ಲ. ಅಕ್ಕ ಸರಿಯಾಗಿಯೇ ಹೇಳಿದ್ದಳು. ಓಲೆ ಕತ್ತರಿಸಿದವಳು ನಾನು.