ಊರೂರಿನ ಕೋಣೆಗೆ ದಿಕ್ಕು ಅಂಟಿಸುವಾಕೆ

ಬುರ್ಸಾ ನಗರದ ಹೋಟೆಲೊಂದರ ಮೂರನೇ ಮಹಡಿ. ಕಿಟಕಿಯಾಚೆ ಇನ್ನೂ ನಸುಗತ್ತಲು. ಕೈಗೆ ಉಣ್ಣೆಯ ಗವಸು, ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡ ರುಸ್ನಾ ಬಾಗಿಲಿಂದ ಬಾಗಿಲಿಗೆ ಹೋಗಿ ಬಡಿಯುತ್ತಿದ್ದಾರೆ. ಬೆಳಗಿನ ನಮಾಜಿಗೆ ಇಡೀ ತಂಡವನ್ನು ಎಬ್ಬಿಸಬೇಕು.

"ಸುಬುಹ್ ಹೊತ್ತಾಯ್ತು, ಏಳಿ. ಮಕ್ ಚಿಕ್, ಎದ್ರಾ? ಬರೀ ಹೂಂ ಅಂದ್ರೆ ಸಾಲ್ದು, ಕಾಲು ನೆಲಕ್ಕಿಟ್ಟ ಸದ್ದು ಕೇಳ್ಬೇಕು ನಂಗೆ."

"ಇಟ್ಟೆ ಮಾರಾಯ್ತಿ. ಮೀನಿನ ಪೆಟ್ಟಿಗೆಯ ಐಸ್ ಮೇಲೆ ಇಟ್ಟಂಗಿದೆ" ಎಂದು ಮಕ್ ಚಿಕ್, ಅಂದರೆ ಚಿಕ್ಕಮ್ಮ ಎನಿಸಿಕೊಂಡ ಮುದುಕಿ ಒಳಗಿನಿಂದ ಗೊಣಗುತ್ತಾರೆ.

ಎಲ್ಲರನ್ನೂ ಎಬ್ಬಿಸಿದ ಮೇಲೆ ರುಸ್ನಾ ತಮ್ಮ ಕೋಣೆಗೆ ಓಡುತ್ತಾರೆ. ಅಲ್ಲಿ ಎರಡು ಕುಕ್ಕರುಗಳಲ್ಲಿ ಅನ್ನ ಬೇಯುತ್ತಿದೆ. ಅವರ ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಅಕ್ಕಿಯೇ ಹೆಚ್ಚು. ಜೊತೆಗೆ ಹುರಿದು ಪುಡಿ ಮಾಡಿದ ಮಾಂಸದ ಸೆರುಂಡಿಂಗ್, ಮೂರು ಚೀಲಗಳಲ್ಲಿ ಸುತ್ತಿಟ್ಟ ಬುಡು ಎಂಬ ಮೀನಿನ ರಸದ ಬಾಟಲಿ. ದೂರದ ಪೂರ್ವ ದೇಶದ ಕಡಲತಡಿಯ ಕೆಲಾಂತಾನಿನಿಂದ ಬಂದ ಈ ಜನ ಯಾವ ದೇಶದ ಅರಮನೆಯನ್ನಾದರೂ ನೋಡಿಯಾರು, ಆದರೆ ಬೆಳಿಗ್ಗೆ ಬಿಸಿ ಅನ್ನಕ್ಕೆ ಬುಡು ಬೀಳದಿದ್ದರೆ ಅವರ ಮೋರೆ ಗಂಟು ಬಿಚ್ಚುವುದಿಲ್ಲ.

ಎಲ್ಲರೂ 'ಕಾಕ್ ನಾಃ' ಎಂದು, ಅಂದರೆ ಅಕ್ಕ ಎಂದು ಕರೆಯುವ ರುಸ್ನಾ ಒಂಬತ್ತು ವರ್ಷಗಳ ಹಿಂದೆ ಅಲ್ಲಿನ ತುಂಪಾಟ್ ಊರಿನ ಶಾಲೆಯೊಂದರ ಗೇಟಿನ ಪಕ್ಕ ನೀಲಿ ಅನ್ನದ ನಾಸಿ ಕೆರಾಬು ಮಾರುತ್ತಿದ್ದರು. ಶಾಲೆಯ ಗೋಡೆ ಮುಂದಕ್ಕೆ ಬಂತು, ಅಂಗಡಿ ಎತ್ತಂಗಡಿಯಾಯಿತು. ಗಂಡನಿಗೆ ಆಗಲೇ ಸಮುದ್ರಕ್ಕೆ ಹೋಗಲಾಗದಷ್ಟು ಬೆನ್ನುನೋವು. ಕೈಚೆಲ್ಲಿ ಕೂತಿದ್ದಾಗ, ಮುಸ್ಲಿಂ ಪ್ರವಾಸಿಗರನ್ನು ಹೊರದೇಶಗಳಿಗೆ ಕರೆದೊಯ್ಯುವ ಕಮರುಲ್ ಎಂಬ ತರುಣ ಬಂದು, ತಂಡದ ಜೊತೆ ಹೋಗಿ ಅನ್ನ ಬೇಯಿಸುತ್ತೀರಾ ಎಂದು ಕೇಳಿದ. ಅದುವರೆಗೆ ಆಕೆ ವಿಮಾನವನ್ನು ಕತ್ತೆತ್ತಿ ಮಾತ್ರ ನೋಡಿದ್ದರು.

ಅನ್ನದ ಕೆಲಸದ ಜೊತೆಗೆ ಇನ್ನೊಂದು ಕೆಲಸವನ್ನು ಅವರೇ ಹುಡುಕಿಕೊಂಡರು. ಊರಿನ ಹೋಟೆಲುಗಳಲ್ಲಾದರೆ ನಮಾಜಿಗೆ ಯಾವ ಕಡೆ ಮುಖ ಮಾಡಬೇಕೆಂದು ಚಾವಣಿಯಲ್ಲಿ ಬಾಣದ ಗುರುತು ಇದ್ದೇ ಇರುತ್ತದೆ. ಹೊರದೇಶದ ಕೋಣೆಗೆ ಕಾಲಿಟ್ಟೊಡನೆ ಮುದುಕರು ಚಾವಣಿ ನೋಡುತ್ತಾರೆ, ಅಲ್ಲೇನೂ ಇಲ್ಲದಿದ್ದರೆ ಕಂಗಾಲಾಗುತ್ತಾರೆ. ಅದಕ್ಕೇ ತಂಡ ಕೆಳಗೆ ಚಹಾ ಕುಡಿಯುವಷ್ಟರಲ್ಲಿ ರುಸ್ನಾ ಕೋಣೆಗಳನ್ನೆಲ್ಲ ತೆರೆಸಿ, ದಿಕ್ಸೂಚಿ ಇಟ್ಟು ನೋಡಿ, ಹತ್ತಿರದ ಮಸೀದಿ ಯಾವ ಕಡೆ ತಿರುಗಿದೆ ಎಂದು ಕಿಟಕಿಯಿಂದ ಖಾತ್ರಿ ಮಾಡಿಕೊಂಡು, ಹಸಿರು ಕಾಗದದ ಬಾಣವೊಂದನ್ನು ಪ್ರತಿ ಮೇಜಿನ ಮೇಲೆ ಅಂಟಿಸುತ್ತಾರೆ. ಬಾಗಿಲುಗಳನ್ನು ತೆರೆದಿಟ್ಟೇ ಕೆಳಗಿಳಿಯುತ್ತಾರೆ. ತಂಡದ ಫೋಟೋಗಳಲ್ಲಿ ಬಾವುಟ ಹಿಡಿದ ಕಮರುಲ್ ಇರುತ್ತಾನೆ, ಕಾಕ್ ನಾಃ ಇರುವುದಿಲ್ಲ. ಬಹಳಷ್ಟು ಫೋಟೋಗಳನ್ನು ತೆಗೆದವರು ಅವರೇ.

ಈ ಸಲ ಮಾತ್ರ ಅವರ ನಡಿಗೆಯಲ್ಲಿ ಬೇರೆಯೇ ಹುರುಪಿದೆ. ಇಸ್ತಾಂಬುಲ್, ಬುರ್ಸಾ, ಕೊನ್ಯಾ ನಗರಗಳ ಈ ಪ್ರವಾಸ ಸುಸೂತ್ರವಾಗಿ ಮುಗಿದರೆ ಮುಂದಿನ ಸರಾಯೆವೊ ಪ್ರವಾಸಕ್ಕೆ ಅವರೇ ಮುಖ್ಯಸ್ಥೆ ಎಂದು ಕಮರುಲ್ ಮಾತು ಕೊಟ್ಟಿದ್ದಾನೆ. ಬಾವುಟ ಮೊದಲ ಸಲ ಅವರ ಕೈಗೆ ಬರಲಿದೆ. ಗಂಡನ ಎದುರು ಪೊರಕೆ ಎತ್ತಿ ಹಿಡಿದು ನಡೆದು ತೋರಿಸಿದ್ದೂ ಆಗಿದೆ.

ಆ ಹುರುಪಿನ ಮೇಲೆ ಇವತ್ತಿನ ಬೆಳಗಿನ ತಿಂಡಿಯ ಹೊತ್ತಿಗೆ ತಣ್ಣೀರು ಬೀಳುತ್ತದೆ. ಶಜಾನಾ ಎಂಬ ಶಾಲಾ ಶಿಕ್ಷಕಿ ಫೋನು ಹಿಡಿದುಕೊಂಡು ಬರುತ್ತಾಳೆ.

"ಕಾಕ್ ನಾಃ, ಫೋನು ಒಂದು ದಿಕ್ಕು ತೋರಿಸ್ತಿದೆ, ಮೇಜಿನ ಮೇಲಿನ ಬಾಣ ಇನ್ನೊಂದು. ಕೆಳಗೆ ಹೋಟೆಲಿನವರನ್ನೂ ಕೇಳ್ದೆ. ಫೋನೇ ಸರಿಯಂತೆ."

ರುಸ್ನಾ ಸೌಟು ಕೆಳಗಿಟ್ಟು ಓಡುತ್ತಾರೆ. ಮೇಲೆ ಹೋಗಿ ನೋಡಿದರೆ ನಿಜ. ಒಂದಲ್ಲ, ಆ ಸಾಲಿನ ಎಲ್ಲ ಕೋಣೆಗಳಲ್ಲೂ ಬಾಣ ಬೇರೆ ಕಡೆಗೆ ತಿರುಗಿದೆ. ನಿನ್ನೆ ಸಂಜೆಯಿಂದ ಅರ್ಧ ತಂಡ ಮೆಕ್ಕಾದ ಕಾಬಾಕ್ಕೆ ಮುಖ ಮಾಡದೆಯೇ ನಮಾಜು ಮಾಡಿ ಮಲಗಿದೆ. ಬಾಣಗಳನ್ನು ಕಿತ್ತು ನೋಡುತ್ತಾರೆ. ಕೆಳಗಿರುವುದು ಅವರ ಟೇಪಲ್ಲ, ಮೊಣಕಾಲಿಗೆ ಅಂಟಿಸುವ ನೋವಿನ ಪಟ್ಟಿಯ ತುಂಡು. ಕರ್ಪೂರದ ಘಾಟು ಮೂಗಿಗೆ ಬಡಿಯುತ್ತದೆ. ತಂಡದಲ್ಲಿ ಆ ಘಾಟು ಬರುವುದು ಒಬ್ಬರಿಂದಲೇ. ಅವರು ತೋಕ್ ಇಮಾಮ್ ದರಾಮನ್. ರುಸ್ನಾರ ಊರಿನ ಮಸೀದಿಯಲ್ಲೇ ಬಹುಕಾಲದಿಂದ ನಮಾಜು ಮಾಡಿಸುತ್ತಿರುವ ಹಿರಿಯರು, ಎಲ್ಲರ ಬಾಯಲ್ಲಿ ತೋಕ್, ಅಂದರೆ ಅಜ್ಜ. ನಿನ್ನೆ ಕಾಲುನೋವೆಂದು ಚಹಾಕ್ಕೂ ಕೂರದೆ ಎಲ್ಲರಿಗಿಂತ ಮೊದಲು ಮೇಲೆ ಬಂದಿದ್ದವರೂ ಅವರೇ.

ರುಸ್ನಾ ಪಟ್ಟಿಯ ತುಂಡುಗಳನ್ನು ಜೇಬಿಗೆ ಸೇರಿಸಿ ಕೆಳಗೆ ಬರುತ್ತಾರೆ. ಎಲ್ಲರೂ ಅವರನ್ನೇ ನೋಡುತ್ತಾರೆ.

"ತಪ್ಪಾಯ್ತು. ನಾನು ಸರಿಯಾಗಿ ನೋಡ್ಲಿಲ್ಲ" ಎನ್ನುತ್ತಾರೆ.

"ಅನ್ನ ಸೀದು ಹೋದ್ರೆ ಇನ್ನೊಂದ್ಸಲ ಬೇಯಿಸ್ಬಹುದು ಕಾಕ್. ಇದು ಜನರ ನಮಾಜು" ಎಂದು ಕಮರುಲ್ ದನಿ ತಗ್ಗಿಸಿ ಹೇಳುತ್ತಾನೆ. "ಸರಾಯೆವೊಗೆ ಬೇರೆಯವರನ್ನೇ ನೋಡ್ತೀನಿ. ಬೇಜಾರು ಮಾಡ್ಕೋಬೇಡಿ."

ಮೂಲೆಯ ಮೇಜಿನಲ್ಲಿ ತೋಕ್ ಇಮಾಮ್ ತಟ್ಟೆ ನೋಡುತ್ತಾ ಕೂತಿದ್ದಾರೆ. ರುಸ್ನಾ ಅವರ ಲೋಟಕ್ಕೂ ಬಿಸಿನೀರು ಬಗ್ಗಿಸಿ ಮುಂದೆ ಹೋಗುತ್ತಾರೆ. ಪಾತ್ರೆ ತೊಳೆಯುವಾಗ ಮಾತ್ರ ಅಳು ಬರುತ್ತದೆ. ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತು ಮುಗಿಸುತ್ತಾರೆ. "ಊರಲ್ಲಿ ಅವರ ಹಿಂದೆ ನಿಂತು ನಮಾಜು ಮಾಡೋರು ನಾವೆಲ್ಲ" ಎಂದು ಆಮೇಲೆ, ಯಾಕೆ ಹೆಸರು ಹೇಳಲಿಲ್ಲ ಎಂದು ಕೇಳಿದವರಿಗೆ ರುಸ್ನಾ ಹೇಳುತ್ತಾರೆ. "ತಪ್ಪು ಅವರದು ಅಂದ್ಬಿಟ್ರೆ ಊರಿಗೆ ಹೋಗಿ ಅವರು ಹೇಗೆ ಮುಂದೆ ನಿಲ್ತಾರೆ? ನಂದೇನು, ನಾನು ಹಿಂದೆ ನಡೆದು ಅಭ್ಯಾಸ ಇರೋಳು."

ಬಸ್ಸು ಕೊನ್ಯಾದ ದಾರಿ ಹಿಡಿಯುತ್ತದೆ. ಎಂದಿನ ಹಾಡಿಲ್ಲ, ಕಡಲೆಕಾಯಿ ಚೀಲ ಸೀಟಿಂದ ಸೀಟಿಗೆ ದಾಟುತ್ತಿಲ್ಲ. ಸ್ವಲ್ಪ ದೂರ ಹೋದ ಮೇಲೆ ತೋಕ್ ಇಮಾಮ್ ಎದ್ದು, ಸೀಟಿನ ಕಂಬಿ ಹಿಡಿಯುತ್ತಾ ಮುಂದೆ ಬಂದು, ಕಮರುಲ್ ಕೈಯಿಂದ ಮೈಕು ಇಸಿದುಕೊಳ್ಳುತ್ತಾರೆ.

"ಬಾಣ ತಿರುಗಿಸಿದ್ದು ನಾನು" ಎನ್ನುತ್ತಾರೆ. "ನಮ್ಮೂರಲ್ಲಿ ಹುಟ್ಟಿದಾಗಿಂದ ಸೂರ್ಯ ಮುಳುಗೋ ಕಡೆ ಮುಖ ಮಾಡಿದೋನು ನಾನು. ನಿನ್ನೆ ನೋಡಿದ್ರೆ ಸೂರ್ಯ ಈ ಕಿಟಕೀಲಿ ಮುಳುಗ್ತಿದ್ದಾನೆ, ಬಾಣ ಆ ಕಡೆ ನೋಡ್ತಿದೆ. ಪಾಪ, ಹುಡುಗಿಗೆ ಸುಸ್ತಾಗಿದೆ, ಹೇಳಿದ್ರೆ ನಾಚ್ಕೋತಾಳೆ, ಸದ್ದಿಲ್ದೆ ಸರಿ ಮಾಡ್ಬಿಡೋಣ ಅಂದ್ಕೊಂಡೆ. ಮೆಕ್ಕಾ ಇರೋ ದೇಶನ ವಿಮಾನದಲ್ಲಿ ದಾಟ್ಕೊಂಡು ಈ ಕಡೆ ಬಂದಿದ್ದೀವಿ ಅನ್ನೋದೇ ಈ ಮುದಿ ತಲೆಗೆ ಹೊಳೀಲಿಲ್ಲ."

ಹಿಂದಿನ ಸೀಟಿನಿಂದ ಅವರ ಹೆಂಡತಿಯೇ ಬಾಯಿ ಹಾಕುತ್ತಾರೆ.

"ಪೇಟೆಗೆ ಅಂತ ಹೊರಟು ಹೊಳೆ ದಡಕ್ಕೆ ಕರ್ಕೊಂಡು ಹೋಗೋ ಗಂಡಸು. ಬಾಣಾನ ಬಿಡ್ತಾರಾ?"

ಬಸ್ಸಿಗೆ ಬಸ್ಸೇ ನಗುತ್ತದೆ. ತೋಕ್ ಇಮಾಮ್ ಕೂಡ ನಗುತ್ತಾರೆ, ಆದರೆ ಕಣ್ಣು ಒದ್ದೆಯಾಗಿದೆ. "ಬೆಳಿಗ್ಗೆ ಅಷ್ಟು ಜನರ ಮುಂದೆ ನಂಗೆ ಬಾಯಿ ಬರ್ಲಿಲ್ಲ. ಈ ರುಸ್ನಾಗೆ ನನ್ನ ಪಟ್ಟಿಯ ಘಾಟಿಂದ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ನನ್ನ ಲೋಟಕ್ಕೆ ಬಿಸಿನೀರು ಹಾಕಿದ್ಲು" ಎನ್ನುತ್ತಾ ಮೈಕು ಕೆಳಗಿಡುತ್ತಾರೆ.

ದಾರಿಯ ಪಕ್ಕದ ಸಣ್ಣ ಮಸೀದಿಯೊಂದರಲ್ಲಿ ಬಸ್ಸು ನಿಲ್ಲುತ್ತದೆ. ತಪ್ಪಿದ ನಮಾಜುಗಳನ್ನು ತಂಡ ಅವರ ಹಿಂದೆಯೇ ನಿಂತು ಮತ್ತೆ ಮಾಡಿ ಮುಗಿಸುತ್ತದೆ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಕಮರುಲ್ ರುಸ್ನಾರ ಪಕ್ಕ ಬಂದು ನಿಲ್ಲುತ್ತಾನೆ. ಕೇಳದೆ ಬೈದೆ, ಕ್ಷಮಿಸಿ ಎನ್ನುತ್ತಾನೆ. ಬಾವುಟವನ್ನು ಅವರ ಕೈಗಿಟ್ಟು, "ಸರಾಯೆವೊವರೆಗೂ ಯಾಕೆ ಕಾಯ್ಬೇಕು ಕಾಕ್? ಇಲ್ಲಿಂದಲೇ ನಡೀರಿ" ಎನ್ನುತ್ತಾನೆ. ರುಸ್ನಾ ಬಾವುಟವನ್ನು ಎತ್ತರಕ್ಕೆ ಹಿಡಿದು ಬಸ್ಸಿನವರೆಗೆ ನಡೆಯುತ್ತಾರೆ. ದೂರವೇನೂ ಇಲ್ಲ, ಆದರೂ ಸುತ್ತು ಹಾಕಿಕೊಂಡು ಹೋಗುತ್ತಾರೆ. ಯಾರೋ ಫೋಟೋ ತೆಗೆಯುತ್ತಾರೆ.

ಕೊನ್ಯಾದ ಹೋಟೆಲಿನಲ್ಲಿ ಬಾಣ ಅಂಟಿಸಲು ಹೊರಟರೆ ತೋಕ್ ಇಮಾಮ್ ಕೂಡ ಬೆನ್ನು ಹತ್ತುತ್ತಾರೆ. "ನೋಡ್ತೀನಿ ಅಷ್ಟೆ, ಮುಟ್ಟಲ್ಲ" ಎಂದು ಕೈ ಹಿಂದೆ ಕಟ್ಟಿಕೊಂಡು ಕೋಣೆಯಿಂದ ಕೋಣೆಗೆ ನಡೆಯುತ್ತಾರೆ. ಕೊನೆಯ ಕೋಣೆಯಲ್ಲಿ ಮಂಚದ ಅಂಚಿಗೆ ಕೂತು ಕೇಳುತ್ತಾರೆ: "ಹಿಂದೆ ನಡೆಯೋರಿಗೆ ಅಂತ ಯಾರೂ ದುವಾ ಮಾಡಲ್ಲ. ನಾನು ಮಾಡ್ತೀನಿ, ಹೇಳು. ಏನು ಬೇಡ್ಕೊಳ್ಳಲಿ?"

ರುಸ್ನಾ ಬಾಣದ ಮೇಲೆ ಟೇಪು ಒತ್ತಿ, ಅದರ ತುದಿಯನ್ನು ಬೆರಳಿಂದ ಸವರುತ್ತಾರೆ. ಅವರ ಕಂಪನಿಗೆ ಮೆಕ್ಕಾ ಯಾತ್ರೆಯ ವ್ಯವಹಾರವಿಲ್ಲ. ಇಷ್ಟು ನಗರಗಳ ಇಷ್ಟು ಮೇಜುಗಳಿಂದ ಆ ಕಡೆಗೆ ಬೆರಳು ತೋರಿಸಿದಾಕೆ ಅಲ್ಲಿಗೆ ಒಮ್ಮೆಯೂ ಹೋಗಿಲ್ಲ.

"ಕಾಬಾದ ಅಂಗಳದಲ್ಲಿ ಯಾವ ಮೂಲೇಲಿ ನಿಂತ್ರೂ ಅದು ಎದುರಿಗೇ ಇರುತ್ತಂತೆ" ಎನ್ನುತ್ತಾರೆ. "ಅಲ್ಲಿ ನಂಗೆ ಮಾಡೋಕೆ ಕೆಲಸ ಇರಲ್ಲ, ತೋಕ್. ಒಂದು ಸಲ ಕೈ ಬೀಸ್ಕೊಂಡು ಹೋಗಿ ಸುಮ್ನೆ ನಿಂತ್ಕೋಬೇಕು."