ಝೆಲಿಂದಾಳ ಹನ್ನೆರಡು ಜುಕಿನಿ ಗಿಡ

ಒಂಟಿ ಹೆಂಗಸಿಗೆ ಎಷ್ಟು ಜುಕಿನಿ ಗಿಡ ಬೇಕು? ಎರಡು ಸಾಕು. ಎರಡರಲ್ಲಿ ಒಂದು ಸತ್ತರೂ ಏನೂ ಕಡಿಮೆ ಬೀಳುವುದಿಲ್ಲ. ನಮ್ಮ ಗುಡ್ಡದ ಊರು ಕಾಸೊರ್ನಾದಲ್ಲಿ ತೊಟ್ಟಿಲ ಕೂಸಿಗೂ ಇದು ಗೊತ್ತು. ಝೆಲಿಂದಾ ಮಾತ್ರ ವರ್ಷವರ್ಷವೂ ಹನ್ನೆರಡು ನೆಡುತ್ತಾಳೆ. ಅತ್ತೆ, ಮಾವ, ಗಂಡ, ಇಬ್ಬರು ಮೈದುನರು, ಮಗಳು ಎಲ್ಲ ಒಂದೇ ಮೇಜಿಗೆ ಕೂರುತ್ತಿದ್ದ ಕಾಲದ ಲೆಕ್ಕ ಅದು. ಅತ್ತೆ ಮಾವ ಹೋದರು. ಮೈದುನರು ಕಡಲ ಪಕ್ಕಕ್ಕೆ ಇಳಿದರು. ಮಗಳು ಮೊರೇನಾ ಲುಕ್ಕಾ ಪಟ್ಟಣ ಸೇರಿ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕೆ ನಿಂತಳು. ಗಂಡ ನೆಲ್ಲೊ ಆರು ವರ್ಷದ ಹಿಂದೆ ತೀರಿಕೊಂಡ. ಗಿಡದ ಲೆಕ್ಕ ಮಾತ್ರ ಇಳಿಯಲಿಲ್ಲ. ಯಾಕೆಂದು ಕೇಳಿದವರಿಗೆ ಅವಳ ಉತ್ತರ ಒಂದೇ: "ಸತ್ತೋರು ಸತ್ರು, ನೆಲ ಸತ್ತಿಲ್ವಲ್ಲ."

ನನ್ನ ಹೆಸರು ವಾಂದಾ. ಮೂವತ್ತೊಂದು ವರ್ಷ ಈ ಗುಡ್ಡದಲ್ಲಿ ಅಂಚೆ ಹಂಚಿದವಳು, ಈಗ ಮನೆಯಲ್ಲಿದ್ದೇನೆ, ಝೆಲಿಂದಾಳ ಎದುರು ಮನೆ. ಯಾರಿಗೆ ಯಾವ ಕಾಗದ ಬಂತೆಂಬುದು ಮರೆತಿದ್ದೇನೆ. ಆಗಸ್ಟ್ ತಿಂಗಳಲ್ಲಿ ಯಾರ ಬಾಗಿಲಲ್ಲಿ ಯಾವ ತರಕಾರಿ ಕೊಳೆಯುತ್ತಿತ್ತೆಂಬುದು ಮಾತ್ರ ಚೆನ್ನಾಗಿ ನೆನಪಿದೆ.

ಝೆಲಿಂದಾ ಇಪ್ಪತ್ತೆರಡು ವರ್ಷ ಕೆಳಗಿನ ಊರಿನ ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆ ಹೊಲಿದವಳು. ಅಂಟಿನ ವಾಸನೆಗೆ ಹುಡುಗಿಯರು ತಲೆ ತಿರುಗಿ ಬೀಳುತ್ತಿದ್ದರು. ಧೂಳು ಬರುತ್ತದೆಂದು ಮೇಸ್ತ್ರಿ ಕಿಟಕಿಗೆ ಮೊಳೆ ಹೊಡೆಸಿದ್ದ. ಒಂದು ಜುಲೈ ಮಧ್ಯಾಹ್ನ ಝೆಲಿಂದಾ ಚಪ್ಪಲಿಯ ಮರದ ಅಚ್ಚನ್ನು ಎತ್ತಿ ಗಾಜಿಗೆ ಎಸೆದಳು. ಕರೆದು ಕೇಳಿದಾಗ, ತೆರೆಯೋಕೆ ಬರಲಿಲ್ಲ, ಒಡೆಯೋಕೆ ಬಂತು ಎಂದಳಂತೆ. ಆಗ ಅವಳಿಗೆ ಹತ್ತೊಂಬತ್ತು. ಈಗ ಎಪ್ಪತ್ತೊಂಬತ್ತು. ನಡುವಿನ ಅರವತ್ತು ವರ್ಷದಲ್ಲಿ ಅವಳು ಹೆಚ್ಚೇನೂ ಬದಲಾಗಿಲ್ಲ.

ಹೋದ ವರ್ಷ ಮಾರ್ಚಿನಲ್ಲಿ ಅವಳು ತೋಟದ ಮೆಟ್ಟಿಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಅವಳ ತರಕಾರಿ ತೋಟ ಮನೆಯಿಂದ ಇಪ್ಪತ್ತಾರು ಮೆಟ್ಟಿಲು ಕೆಳಗಿದೆ. ಅದರ ಇನ್ನೊಂದು ಅಂಚು ಕೆಳಗಿನ ರಸ್ತೆಗೆ ತಾಗುತ್ತದೆ. ಅದೇ ಅದಕ್ಕೆ ಮುಳುವಾಯಿತು. ಪಕ್ಕದ ಮನೆ ಕೊಂಡ ಮಿಲಾನೊದ ಕ್ರೆಸ್ಪಿ ಎನ್ನುವವನಿಗೆ ಎರಡು ಕಾರು ನಿಲ್ಲಿಸಲು ಜಾಗ ಬೇಕಿತ್ತು. ಅವನು ಝೆಲಿಂದಾಳನ್ನು ಕೇಳುವಷ್ಟು ದಡ್ಡನಲ್ಲ, ಮೊರೇನಾಳನ್ನು ಕೇಳಿದ.

ಈಸ್ಟರ್ ಊಟಕ್ಕೆ ನಾನೂ ಆ ಮೇಜಿನಲ್ಲಿದ್ದೆ. ಮೊರೇನಾ ಕೆಟ್ಟವಳಲ್ಲ. ಬ್ಯಾಂಡೇಜಿನ ಕೈಯಲ್ಲಿ ತಾಯಿ ಕುರಿಮರಿ ಮಾಂಸ ಕತ್ತರಿಸುವುದನ್ನು ನೋಡಲಾರದೆ ಅವಳೇ ಚಾಕು ಕಿತ್ತುಕೊಂಡಳು. ಆಮೇಲೆ ಶುರುಮಾಡಿದಳು. ಮೆಟ್ಟಿಲು, ವಯಸ್ಸು, ಒಬ್ಬಳೇ ಬಿದ್ದರೆ ಎತ್ತುವವರು ಯಾರು, ಎಲ್ಲ ಆಯಿತು. ಝೆಲಿಂದಾ ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಮಗಳು ನೋಯುವ ಜಾಗಕ್ಕೇ ಕೈ ಹಾಕಿದಳು.

"ಅಮ್ಮಾ, ಬೆಳೆಯೋದು ತಿನ್ನೋಕೆ ಅಂತ ಇದ್ರೆ ನಾನು ಬಾಯಿ ಬಿಡ್ತಿರ್ಲಿಲ್ಲ. ಹೋದ ಆಗಸ್ಟಲ್ಲಿ ನೆಲಮಾಳಿಗೇಲಿ ಅರ್ಧ ಬುಟ್ಟಿ ಕೊಳೆತಿತ್ತು, ನಾನೇ ಹೊತ್ತು ಹಾಕ್ದೆ. ಕೊಳೆಸೋಕೆ ಅಂತ ಆ ಮೆಟ್ಟಿಲು ಹತ್ತಿ ಇಳೀಬೇಕಾ?"

ನಮ್ಮ ಗುಡ್ಡದಲ್ಲಿ ಹೆಂಗಸಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಒಣಗಿದ ರೊಟ್ಟಿ ನೆಲಕ್ಕೆ ಬಿದ್ದರೂ ಎತ್ತಿ ಮುತ್ತಿಟ್ಟು ಮೇಜಿನ ಮೇಲಿಡುವ ಜನ ನಾವು. ಝೆಲಿಂದಾ ಬಿಳಿಚಿಕೊಂಡಳು. ಮಾತು ಮಾತಿಗೆ ಬೆಳೆದು ಅಲ್ಲೇ ಪಂದ್ಯವಾಯಿತು, ನಾನು ಸಾಕ್ಷಿ. ಸೆಪ್ಟೆಂಬರ್ ಕೊನೆಗೆ ಬರುವ ಸಂತ ಮಿಕೇಲನ ದಿನದವರೆಗೆ ಆ ತೋಟದ ಒಂದೇ ಒಂದು ತರಕಾರಿ ಕೊಳೆತರೂ ತೋಟದ ಬೀಗದ ಕೈ ಮೊರೇನಾಳಿಗೆ. ಕೊಳೆಯದಿದ್ದರೆ ಮೊರೇನಾ ಮತ್ತೆಂದೂ ಆ ಮಾತೆತ್ತಕೂಡದು. ಮಗಳು ಷರತ್ತು ಬಿಗಿ ಮಾಡಿದಳು: ಕೋಳಿಗೆ ಹಾಕಿದರೆ ತಿಂದ ಲೆಕ್ಕವಲ್ಲ, ಗೊಬ್ಬರದ ಗುಂಡಿಗೆ ಹಾಕಿದರೆ ಸೋತ ಹಾಗೆ, ಬಳ್ಳಿಯಲ್ಲೇ ಕೊಳೆತರೂ ಸೋತ ಹಾಗೆ.

ಬುದ್ಧಿಯಿದ್ದವಳು ಆ ವರ್ಷ ಎರಡು ಗಿಡ ನೆಡುತ್ತಿದ್ದಳು. ಹಾಗೆಂದು ನಾನೇ ಹೇಳಿದೆ. ಅವಳು ಎಡಗೈಯಲ್ಲಿ ಹನ್ನೆರಡು ಗುಂಡಿ ತೋಡಿದಳು. ಜಗಮೊಂಡಿ.

ಜುಕಿನಿ ಗೊತ್ತಲ್ಲ, ಸೌತೆಯಂತೆ ಕಾಣುವ ಕುಂಬಳದ ಜಾತಿ, ಬೆಳಿಗ್ಗೆ ಬೆರಳಷ್ಟಿದ್ದುದು ಮರುದಿನಕ್ಕೆ ಮೊಣಕೈಯಷ್ಟಾಗುತ್ತದೆ. ಜೂನ್ ಮುಗಿಯುವ ಮೊದಲೇ ಅವಳ ಅಡುಗೆಮನೆಯ ಒಲೆ ಆರುತ್ತಿರಲಿಲ್ಲ. ಹೂವುಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿದಳು. ಕಾಯಿ ತುರಿದು, ನೆನೆಸಿದ ಒಣರೊಟ್ಟಿ ಸೇರಿಸಿ ಉಂಡೆ ಮಾಡಿ ಕರಿದಳು. ಕಾಳು, ಟೊಮೆಟೊ, ಬೀಟ್ ಸೊಪ್ಪು ಹಾಕಿ ಸೌಟು ನೆಟ್ಟಗೆ ನಿಲ್ಲುವಷ್ಟು ದಪ್ಪನೆಯ ಸಾರು ಕುದಿಸಿದಳು. ಎಲ್ಲಕ್ಕಿಂತ ಹೆಚ್ಚಾಗಿ ಸ್ಕಾರ್ಪಾಚಾ ಮಾಡಿದಳು. ಜುಕಿನಿಯನ್ನು ಕಾಗದದಂತೆ ತೆಳ್ಳಗೆ ಹೆಚ್ಚಿ, ಈರುಳ್ಳಿ ಬೆರೆಸಿ ಉಪ್ಪು ಹಾಕಿ ಬಿಡುತ್ತಾಳೆ. ಅದು ಬಿಟ್ಟ ನೀರಿಗೇ ಹಿಟ್ಟು ಕಲಸಿ, ತಟ್ಟೆಗೆ ತೆಳುವಾಗಿ ಸುರಿದು, ಮೇಲೆ ಆಲಿವ್ ಎಣ್ಣೆ ಹನಿಸಿ, ಅಂಚು ಕಪ್ಪಾಗುವವರೆಗೆ ಸುಡುತ್ತಾಳೆ. ಸವೆದ ಚಪ್ಪಲಿಯ ಅಟ್ಟೆಯಷ್ಟು ತೆಳ್ಳಗಿರುವುದರಿಂದ ನಮ್ಮವರು ಅದಕ್ಕೆ ಹಳೇ ಚಪ್ಪಲಿ ಎಂದೇ ಹೆಸರಿಟ್ಟಿದ್ದಾರೆ. ಇಪ್ಪತ್ತೆರಡು ವರ್ಷ ಹೊಲಿದೆ, ಈಗ ಬೇಯಿಸ್ತಿದೀನಿ ಎಂದು ಅವಳು ನಗುತ್ತಿದ್ದಳು. ಆಗ ಇನ್ನೂ ನಗುತ್ತಿದ್ದಳು.

ತಾನೊಬ್ಬಳೇ ಎಷ್ಟು ತಿಂದಾಳು? ಜುಲೈನಲ್ಲಿ ಹಂಚಲು ಶುರುಮಾಡಿದಳು. ಅಲ್ಲೇ ತಪ್ಪಿದ್ದು. ತಿಂಗಳ ಕೊನೆಗೆ ಬರುವ ಸಂತ ಅನ್ನಾಳ ದಿನ ಬೆಳಿಗ್ಗೆ ನಾಲ್ಕು ಮನೆಗೆ, ಪದರ ಪದರವಾಗಿ ಟೊಮೆಟೊ, ಚೀಸ್ ಹಾಕಿ ಬೇಯಿಸಿದ ಜುಕಿನಿಯನ್ನು ತನ್ನ ಮದುವೆಯ ಬಿಳಿ ಪಿಂಗಾಣಿ ಬೋಗುಣಿಗಳಲ್ಲಿ ಕಳಿಸಿದಳು. ನಮ್ಮಲ್ಲಿ ಬೋಗುಣಿಯನ್ನು ಖಾಲಿ ಹಿಂದಿರುಗಿಸುವುದುಂಟೇ? ಸಂಜೆಯೊಳಗೆ ನಾಲ್ಕೂ ತೊಳೆದು ಹೊಳೆಯುತ್ತಾ ಬಂದವು, ತುಂಬಿಕೊಂಡು ಬಂದವು. ಮೇಲಿನ ಮನೆಯ ಇವಾ ಬದನೆಕಾಯಿ ಇಟ್ಟಿದ್ದಳು. ಕಲ್ಲುಗಣಿಯಲ್ಲಿ ದುಡಿದು ನಿವೃತ್ತನಾದ ದಾರಿಯೊ ಸೌತೆಕಾಯಿ ತುಂಬಿದ್ದ. ಪಾದ್ರಿಯ ಮನೆಯಿಂದ ಟೊಮೆಟೊ ಬಂತು. ಇನ್ನೊಂದರಲ್ಲಿ ಆರು ಜುಕಿನಿ ಇದ್ದವು, ಅವನ್ನು ಇಟ್ಟವಳು ನಾನೇ. ನನ್ನ ತೋಟದ್ದೂ ಮಿತಿಮೀರಿತ್ತು, ಏನು ಮಾಡಲಿ? ಕಳಿಸುವಾಗ ನಾನು ಬಹಳ ಜಾಣೆ ಎಂದುಕೊಂಡಿದ್ದೆ.

ಝೆಲಿಂದಾ ಅಡುಗೆಮನೆಯಲ್ಲಿ ಕುಳಿತು ಆ ನಾಲ್ಕು ಬೋಗುಣಿಗಳನ್ನು ನೋಡಿದಳು. ಹೋದದ್ದು ಒಂಬತ್ತು ಕಾಯಿ, ಬಂದದ್ದು ಇಪ್ಪತ್ತಮೂರು. ತೋಟದ್ದಲ್ಲದ ತರಕಾರಿ ಕೊಳೆತರೆ ಪಂದ್ಯಕ್ಕೆ ಸೇರದು ಎಂದು ನಾನು ಕಾನೂನು ಹೇಳಲು ಹೋದೆ. ಕೊಳೆತ ಮೇಲೆ ಯಾರ ತೋಟದ್ದು ಅಂತ ಅದರ ಹಣೆಲಿ ಬರೆದಿರುತ್ತಾ ಎಂದು ಗದರಿದಳು. ಆ ಹೊತ್ತಿಗೆ ಸರಿಯಾಗಿ ಮೊರೇನಾಳ ಫೋನ್ ಬಂತು. ಎಲ್ಲ ವಿಚಾರಿಸಿದ ಮೇಲೆ ಈ ಕಡೆಯಿಂದ ಹೋದ ಮಾತು ನನ್ನ ಕಿವಿಗೆ ಬಿತ್ತು: "ಸೋಲ್ತೀನಿ ಅನ್ಸುತ್ತೆ ಕೂಸೇ." ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ನಮ್ಮ ಜಾಣತನದಲ್ಲಿ ಅವಳ ತೋಟ ಹೋಗುವುದರಲ್ಲಿತ್ತು.

ಫೋನ್ ಇಟ್ಟವಳೇ ನನ್ನ ಹತ್ತಿರ ಕತ್ತರಿ ಕೇಳಿದಳು. ನೆಲ್ಲೊನ ಹಳೆಯ ಸ್ವೆಟರಿನ ತೋಳಿನಿಂದ ಗೇಣುದ್ದ ಕೆಂಪು ಉಲ್ಲನ್ ಬಿಚ್ಚಿ ಕತ್ತರಿಸಿಕೊಂಡು ತೋಟಕ್ಕೆ ಇಳಿದಳು. ಟೊಮೆಟೊ ಗಿಡ ಕಟ್ಟಲು ಇರಬೇಕೆಂದು ನಾನು ಸುಮ್ಮನಾದೆ.

ತಿರುಗಿ ಬಂದಾಗ ಅವಳ ಮುಖವೇ ಬೇರೆಯಾಗಿತ್ತು. ಬಿಸಾಡುವ ತಟ್ಟೆಯಲ್ಲಿ ಹಂಚು, ತಟ್ಟೆಯೂ ವಾಪಸ್ಸು ಬರದು, ತರಕಾರಿಯೂ ಬರದು ಎಂದು ನಾನು ಸಲಹೆ ಕೊಟ್ಟೆ. ಬಿಸಾಡೋ ತಟ್ಟೇಲಿ ಕೊಟ್ಟರೆ ಅದು ಊಟ ಅಲ್ಲ, ಭಿಕ್ಷೆ ಎಂದಳು. ಬದಲಿಗೆ ಮನೆಮನೆಗೆ ಹೇಳಿ ಕಳಿಸಿದಳು: ಇನ್ನು ಮುಂದೆ ಪ್ರತಿ ಗುರುವಾರ ಮಧ್ಯಾಹ್ನ ತೋಟದ ದ್ರಾಕ್ಷಿ ಚಪ್ಪರದ ಕೆಳಗೆ ಊಟ. ತಟ್ಟೆ, ಫೋರ್ಕು ನಿಮ್ಮದೇ ತರಬೇಕು, ಎಂಜಲು ತಟ್ಟೆ ನೀವೇ ಒಯ್ಯಬೇಕು. ತರಕಾರಿ ತಂದವರು ಅಲ್ಲೇ ನಿಂತು ಅದನ್ನು ಹೆಚ್ಚಿ ಬೇಯಿಸಿಯೇ ಹೋಗಬೇಕು.

ಊರು ಮೂಗು ಮುರಿಯಿತು. ತಮ್ಮ ತಟ್ಟೆ ತಾವೇ ಹೊತ್ತುಕೊಂಡು ಊಟಕ್ಕೆ ಹೋಗುವುದು ನಮ್ಮಲ್ಲಿ ಯುದ್ಧಕಾಲದ ಸಂಗತಿ. ಮೊದಲ ಗುರುವಾರ ನಾನು, ಇವಾ ಇಬ್ಬರೇ. ಎರಡನೆಯದಕ್ಕೆ ದಾರಿಯೊ ಬಂದ. ಹೆಂಡತಿ ಹೋದಂದಿನಿಂದ ಅವನು ಡಬ್ಬಿಯ ಮೀನನ್ನು ಅಡುಗೆಮನೆಯ ತೊಟ್ಟಿಯ ಮುಂದೆ ನಿಂತೇ ತಿನ್ನುತ್ತಿದ್ದವನು. ಝೆಲಿಂದಾಳ ಟೊಮೆಟೊ ರೊಟ್ಟಿ ಗೊಜ್ಜನ್ನು ಮೂರು ಸಲ ಹಾಕಿಸಿಕೊಂಡು, ಬೇಸಿಲ್ ಸೊಪ್ಪು ಜಾಸ್ತಿಯಾಯ್ತು ಎಂದು ದೂರಿದ. ದೂರುವಷ್ಟು ಜೀವ ಬಂತಲ್ಲ, ಒಳ್ಳೆಯದು ಎಂದಳು ಝೆಲಿಂದಾ. ಆಗಸ್ಟ್ ನಡುವಿಗೆ ಹದಿನಾಲ್ಕು ಜನ ಸೇರಿದರು. ಕೊನೆಗೆ ಮಿಲಾನೊದ ಕ್ರೆಸ್ಪಿಯೂ ತಟ್ಟೆ ಹಿಡಿದು ಮೆಟ್ಟಿಲಿಳಿದ. ಕಾರು ನಿಲ್ಲಿಸಲು ಕಣ್ಣು ಹಾಕಿದ ಜಾಗದಲ್ಲೇ ಕುಳಿತು ನಾಲ್ಕು ತುಂಡು ಹಳೇ ಚಪ್ಪಲಿ ತಿಂದ. ಝೆಲಿಂದಾ ಅವನ ಕೈಗೆ ಚಾಕು ಕೊಟ್ಟು ಒಂದು ಬುಟ್ಟಿ ಬದನೆಕಾಯಿ ಹೆಚ್ಚಿಸಿದಳು.

ಉಳಿದದ್ದು ವಿನೆಗರಿನಲ್ಲಿ ಕುದಿದು, ಎಣ್ಣೆಯಲ್ಲಿ ಮುಳುಗಿ, ಬಾಟಲಿ ಸೇರಿತು. ಇನ್ನಷ್ಟು ಬಿಸಿಲಲ್ಲಿ ಒಣಗಿತು. ಅವಳು ಎಷ್ಟು ದುಡಿದಳೆಂದರೆ ಬೈಯುವುದನ್ನೇ ಮರೆತಳು.

ಸಂತ ಮಿಕೇಲನ ದಿನ ಮೊರೇನಾ ಬಂದಳು. ಬಂದವಳೇ ಟಾರ್ಚು ಹಿಡಿದು ನೆಲಮಾಳಿಗೆಗೆ ಇಳಿದಳು. ಬುಟ್ಟಿಗಳನ್ನು ಕವುಚಿದಳು, ಕಪಾಟಿನ ಹಿಂದೆ ಬಗ್ಗಿದಳು. ಏನೂ ಇರಲಿಲ್ಲ. ನನಗೆ ಕುಣಿಯಬೇಕೆನಿಸಿತು. ಆಮೇಲೆ ಮೂವರೂ ತೋಟಕ್ಕೆ ಇಳಿದೆವು. ಜುಕಿನಿ ಗಿಡಗಳು ಆಗಲೇ ಬೂದಿಯಂತಾಗಿ ಸೊರಗಿದ್ದವು. ಕೊನೆಯ ಗಿಡದ ಎಲೆಗಳನ್ನು ಸರಿಸಿದ ಮೊರೇನಾ ಹಾಗೇ ನಿಂತುಬಿಟ್ಟಳು.

ಅಲ್ಲೊಂದು ಕಾಯಿ ಮಲಗಿತ್ತು. ಕರುವಿನ ಕಾಲಿನಷ್ಟು ಉದ್ದ, ಹಳದಿ ಬಣ್ಣ, ಬಲಿತು ಗಟ್ಟಿಯಾದ ಸಿಪ್ಪೆ. ನೆಲಕ್ಕೆ ತಾಗಿದ ಭಾಗ ಕೊಳೆತು ಇರುವೆ ಹತ್ತಿತ್ತು. ಮೊರೇನಾಳ ಮುಖದಲ್ಲಿ ಗೆದ್ದ ಸಂತೋಷವಿರಲಿಲ್ಲ. ಮೆಲ್ಲಗೆ, "ಅಮ್ಮಾ, ಇದು ಕೊಳೆತಿದೆ" ಎಂದಳು.

"ಹೂಂ. ತೊಟ್ಟು ನೋಡು."

ಮೊರೇನಾ ಬಗ್ಗಿ ಎಲೆ ಬಿಡಿಸಿದಳು. ತೊಟ್ಟಿಗೆ ಕೆಂಪು ಉಲ್ಲನ್ ದಾರ ಕಟ್ಟಿತ್ತು. ಅವಳು ಅದನ್ನು ಬೆರಳಲ್ಲಿ ಹಿಡಿದು ನೋಡಿದಳು. ಚಿಕ್ಕವಳಿದ್ದಾಗ ಅದು ಅವಳದೇ ಕೆಲಸವಾಗಿತ್ತು. ಬೀಜಕ್ಕೆಂದು ಬಿಟ್ಟ ಕಾಯನ್ನು ಯಾರೂ ಕೀಳದಿರಲೆಂದು ಅಜ್ಜಿ ತೋರಿಸಿದ ಕಾಯಿಗೆ ದಾರ ಕಟ್ಟಿ ಬರುವುದು. ಬೀಜದ ಕಾಯಿ ಬಳ್ಳಿಯಲ್ಲೇ ಮುದಿಯಾಗಬೇಕು, ಕೊಳೆತರೂ ಸರಿ, ಮುಟ್ಟಬಾರದು, ಅದು ತಿನ್ನುವ ತರಕಾರಿಯ ಲೆಕ್ಕಕ್ಕೇ ಬರುವುದಿಲ್ಲ. ಹಲ್ಲಿನ ಡಾಕ್ಟರ ಬಳಿ ಮೂವತ್ತು ವರ್ಷ ಕುಳಿತು ಅದನ್ನು ಮರೆತಿದ್ದಳು. ಎದುರು ಮನೆಯಲ್ಲೇ ಇದ್ದ ನಾನೂ ಅಂದು ಟೊಮೆಟೊಗೆ ಎಂದುಕೊಂಡಿದ್ದೆನಲ್ಲ, ನನಗೂ ನಾಚಿಕೆಯಾಯಿತು.

"ಯಾವಾಗ ಕಟ್ಟಿದ್ದು?" ಎಂದಳು ಮೊರೇನಾ.

"ಸಂತ ಅನ್ನಾ ದಿನ."

"ಅವತ್ತು ಸೋಲ್ತೀನಿ ಅಂದಿದ್ಯಲ್ಲಮ್ಮಾ ನೀನು."

"ಅಂದಿದ್ದೆ. ಸೋಲ್ತಾನೂ ಇದ್ದೆ."

"ಹಾಗಾದ್ರೆ ಸೋತಿದ್ರೂ ಬರೋ ವರ್ಷ ಬಿತ್ತೋಳೇ ನೀನು."

"ಪಂದ್ಯ ನಿಂದು ಕೂಸೇ. ನೆಲ ನಂದು."

ಮೊರೇನಾ ಕಲ್ಲುಗೋಡೆಯ ಮೇಲೆ ಕುಳಿತು ಮೊದಲು ನಕ್ಕಳು, ಆಮೇಲೆ ಅತ್ತಳು. ನೀನು ಬಿದ್ದ ದಿನ ನನಗೆ ಫೋನ್ ಬಂದಾಗ ಕೈಕಾಲು ಆಡಲಿಲ್ಲ, ಅದೊಂದು ನಿನಗೆ ಅರ್ಥವಾಗುವುದಿಲ್ಲ ಎಂದಳು. ಅರ್ಥವಾಗುತ್ತದೆ ಎಂದಳು ತಾಯಿ. ಆದರೆ ಬಿದ್ದೇನೆಂದು ನೆಲ ಬಿಟ್ಟರೆ ಆಮೇಲೆ ಎದ್ದು ಹೋಗುವುದಾದರೂ ಎಲ್ಲಿಗೆ ಎಂದಳು. ಮಗಳು ಕಣ್ಣೊರೆಸಿಕೊಂಡು ಎದ್ದಳು. ಬೀಗದ ಕೈಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಆ ಕಾಯನ್ನು ಮೇಲಕ್ಕೆ ಹೊತ್ತು ತಂದವಳು ಮೊರೇನಾ. ಸೀಳಿ ಬೀಜ ತೆಗೆದು ತೊಳೆದು ಹಳೆಯ ಪತ್ರಿಕೆಯ ಮೇಲೆ ಹರಡಿದರು. ಕೊಳೆಯದೆ ಉಳಿದ ತಿರುಳನ್ನು ಝೆಲಿಂದಾ ಸಾರಿಗೆ ಹಾಕಿದಳು. ನಾರುನಾರಾಗಿತ್ತು, ರುಚಿಯೇನೂ ಇರಲಿಲ್ಲ. ಮೊರೇನಾ ಎರಡು ಸಲ ಹಾಕಿಸಿಕೊಂಡಳು.

ಈ ವರ್ಷ ಮಾರ್ಚಿನಲ್ಲಿ ಮೊರೇನಾಳೇ ಆಳು ಕಳಿಸಿ ಇಪ್ಪತ್ತಾರು ಮೆಟ್ಟಿಲಿಗೂ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಹಾಕಿಸಿದಳು. ಝೆಲಿಂದಾ ಬಣ್ಣ ಸರಿಯಿಲ್ಲವೆಂದು ಒಂದು ವಾರ ಗೊಣಗಿದಳು. ನಿನ್ನೆ ಹೋಗಿ ನೋಡಿದರೆ ಆ ಕಂಬಿಯ ಉದ್ದಕ್ಕೂ ಬೀನ್ಸ್ ಬಳ್ಳಿ ಹಬ್ಬಿಸಿದ್ದಾಳೆ, ಕೈಯಿಡಲು ಜಾಗವಿಲ್ಲ. ಕೆಳಗೆ ಜುಕಿನಿ ಗಿಡಗಳು ಹೂ ಬಿಟ್ಟಿವೆ. ಎಣಿಸಿದೆ, ಹದಿನಾಲ್ಕು ಇವೆ.